ಕಸ್ತೂರಿಯ ಎಡಗಡೆಯ ಕಿಡ್ನಿ

ನಾನು ಒಂದು ಮೂತ್ರಪಿಂಡ. ಜನ ಕಿಡ್ನಿ ಎನ್ನುತ್ತಾರೆ; ನನಗೂ ಅದೇ ರೂಢಿ. ನಾನು ಹುಟ್ಟಿದ್ದು ಕಸ್ತೂರಿಯ ಎಡಗಡೆ, ಬೆನ್ನೆಲುಬಿನ ಪಕ್ಕ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ನನ್ನ ಜೋಡಿ ಬಲಗಡೆ ಹುಟ್ಟಿತು. ಆಗ ಕಸ್ತೂರಿ ಇನ್ನೂ ಅವ್ವನ ಹೊಟ್ಟೆಯಲ್ಲಿದ್ದಳು, ಹೆಸರೂ ಇಟ್ಟಿರಲಿಲ್ಲ. ಸುತ್ತಲಿನ ನೀರನ್ನು ಆಕೆ ಗುಟುಕರಿಸುವಳು. ನಾವಿಬ್ಬರೂ ಅದನ್ನು ಸೋಸಿ ಮತ್ತೆ ಅದೇ ನೀರಿಗೆ ಬಿಡುವೆವು. ಅದು ಕೆಲಸವಲ್ಲ, ಆಟ. ರಕ್ತದ ಕಸ ತೆಗೆಯುವ ಕಷ್ಟವೆಲ್ಲ ಅವ್ವನದಾಗಿತ್ತು.

ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಹೊಣೆ ನಮ್ಮದಾಯಿತು. ಮೈಯ ರಕ್ತವೆಲ್ಲ ಸುತ್ತಿ ಸುತ್ತಿ ನಮ್ಮೊಳಗೆ ಹಾಯುತ್ತದೆ. ಅದರಲ್ಲಿ ಎಷ್ಟು ನೀರು ಉಳಿಸಬೇಕು, ಎಷ್ಟು ಉಪ್ಪು ಹೊರಗೆ ಬಿಡಬೇಕು ಎನ್ನುವುದು ನಮ್ಮ ಮರ್ಜಿಯಲ್ಲ. ಅಪ್ಪಣೆಗಳು ರಕ್ತದಲ್ಲೇ ತೇಲಿಕೊಂಡು ಬರುತ್ತವೆ. ಡಾಕ್ಟರುಗಳು ಅವನ್ನು ಹಾರ್ಮೋನು ಎನ್ನುತ್ತಾರೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ. ನೀರು ಕಡಿಮೆಯಾಗಿ ರಕ್ತ ಗಟ್ಟಿಯಾದರೆ ಅಲ್ಲಿಂದ ಅಪ್ಪಣೆ ಇಳಿಯುತ್ತದೆ: ನೀರು ಹಿಡಿ. ನನ್ನ ನೆತ್ತಿಯ ಮೇಲೆ ಟೋಪಿಯ ಹಾಗೆ ಇನ್ನೊಂದು ಗ್ರಂಥಿ ಕೂತಿತ್ತು. ಅದರ ಅಪ್ಪಣೆ: ಉಪ್ಪು ಹಿಡಿ. ಉಪ್ಪನ್ನು ಹಿಡಿದಿಟ್ಟರೆ ನೀರು ಅದರ ಬೆನ್ನಿಗೇ ಬರುತ್ತದೆ. ಹೃದಯಕ್ಕೂ ತನ್ನದೊಂದು ಹಾರ್ಮೋನು ಉಂಟು. ಮೈಯಲ್ಲಿ ನೀರು ಹೆಚ್ಚಾಗಿ ತನ್ನ ಗೋಡೆಗಳು ಹಿಗ್ಗಿದಾಗ ಅದು ಹೇಳಿಕಳಿಸುತ್ತದೆ: ಸಾಕು, ಬಿಡು.

ನಾವೂ ಸುಮ್ಮನೆ ಅಪ್ಪಣೆ ಕೇಳಿಕೊಂಡಿರುವವರಲ್ಲ. ನನಗೆ ಬರುವ ರಕ್ತದ ಒತ್ತಡ ಕುಗ್ಗಿದರೆ ನಾನೇ ಒಂದು ಕೂಗು ಹಾಕುತ್ತೇನೆ. ಆ ಕೂಗಿನ ಹೆಸರು ರೆನಿನ್. ಅದರಿಂದ ರಕ್ತದಲ್ಲಿ ಇನ್ನೊಂದು ಹಾರ್ಮೋನು ಎದ್ದು ಮೈಯ ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ. ಟೋಪಿಯ ಗ್ರಂಥಿಯನ್ನು ತಟ್ಟಿ ಉಪ್ಪು ಹಿಡಿಯುವ ಅಪ್ಪಣೆ ಹೊರಡಿಸುತ್ತದೆ. ಮಿದುಳಿಗೆ ಹೋಗಿ ಬಾಯಾರಿಕೆ ಹುಟ್ಟಿಸುತ್ತದೆ, ಉಪ್ಪು ತಿನ್ನುವ ಆಸೆಯನ್ನೂ ಹುಟ್ಟಿಸುತ್ತದೆ. ನಾನು ಕೂಗಿದರೆ ಇಡೀ ಮೈ ಎದ್ದು ನಿಲ್ಲುತ್ತದೆ. ಎಳೆಯ ವಯಸ್ಸಿನಲ್ಲಿ ನನಗೆ ಇದು ಹೆಮ್ಮೆಯ ಸಂಗತಿಯಾಗಿತ್ತು.

ಕಸ್ತೂರಿ ಬೆಳೆದದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಪೇಟೆಯ ಊರು. ಗಾಳಿ ಬೀಸಿದರೆ ಓಣಿಯೆಲ್ಲ ಸೀನುತ್ತದೆ. ಆಕೆಯ ಗಂಡ ಫಕ್ಕೀರಪ್ಪ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆಮೇಲೆ ಆಕೆ ತವರಿನ ಓಣಿಗೆ ಬಂದು ಉಪ್ಪಿನಕಾಯಿ ಹಾಕಿ ಮಾರತೊಡಗಿದಳು. ತಂಗಿ ಮಹಾನಂದಾಳನ್ನು, ಅಕ್ಕನ ಬಾಯಲ್ಲಿ ಮಾದಿಯನ್ನು, ಅದೇ ಓಣಿಯ ದರ್ಜಿ ಚನ್ನವೀರನಿಗೆ ಕೊಟ್ಟಿದ್ದರು; ಅವರಿಗೊಬ್ಬಳು ಮಗಳು. ಅಕ್ಕ ತಂಗಿ ಸೇರಿ ಒಂದು ಕೋಣೆಯ ತುಂಬ ಗಾಜಿನ ಜಾಡಿಗಳನ್ನು ತುಂಬಿಟ್ಟರು: ಮಾವು, ನಿಂಬೆ, ಕೆಂಪು ಮೆಣಸಿನಕಾಯಿಯ ರಂಜಕ.

ಬೇಸಿಗೆಯಲ್ಲಿ ಕಸ್ತೂರಿ ಎಣ್ಣೆ ಕಾಯಿಸುತ್ತ ಒಲೆಯ ಮುಂದೆ ಬೆವರಿಳಿಸುವಳು. ಬಟಾಣಿ ಗ್ರಂಥಿಯಿಂದ ಅಪ್ಪಣೆ ಬರುವುದು. ನಾವು ಹನಿ ನೀರನ್ನೂ ಎಳೆದಿಟ್ಟುಕೊಂಡು ಜೇನಿನ ಬಣ್ಣದ ಒಂದಿಷ್ಟನ್ನು ಮಾತ್ರ ಹೊರಗೆ ಬಿಡುವೆವು. ಉಪ್ಪಿನಕಾಯಿಯ ರುಚಿ ನೋಡಿ ನೋಡಿ ಆಕೆಯ ಹೊಟ್ಟೆಗೆ ಉಪ್ಪು ಹೆಚ್ಚು ಬಿದ್ದ ದಿನ ಟೋಪಿಯ ಗ್ರಂಥಿ ಸುಮ್ಮನಾಗುವುದು. ಆ ಉಪ್ಪನ್ನೆಲ್ಲ ನಾವು ಹೊರಗೆ ಹಾಕುವೆವು. ಆಕೆಗೆ ನಾವಿದ್ದೇವೆ ಎಂದೇ ಗೊತ್ತಿರಲಿಲ್ಲ.

ಹೊರಗಿನ ಮಾತು ನಮಗೆ ಮಾಂಸದ ಮೂಲಕ, ಎಲುಬಿನ ಮೂಲಕ ಗುನುಗಿದಂತೆ ಕೇಳುತ್ತದೆ. ಒಂದು ಮಳೆಗಾಲ ಮಹಾನಂದಾ ಅನ್ನುವುದು ಕೇಳಿಸಿತು.

"ಅಕ್ಕಾ, ಕಾಲು ಬಾತಾವ ನೋಡ. ಬೆರಳಿಲೆ ಒತ್ತಿದ್ರ ಕುಣಿ ಬೀಳ್ತೈತಿ. ಮಾರಿನೂ ಉಬ್ಬಿದಂಗ ಆಗೇತಿ."

"ದಿನಾ ನಿಂತ ಕೆಲಸ ಮಾಡ್ತೀದಿ, ಬಾವು ಬರದ ಏನಾಗ್ತೈತಿ? ಸಂಜಿಕೆ ಒಂದೀಟ ಎಣ್ಣಿ ಹಚ್ಚಿ ತಿಕ್ಕು," ಎಂದಳು ಕಸ್ತೂರಿ.

ಮಹಾನಂದಾ ಎಣ್ಣೆ ಹಚ್ಚಿ ತಿಕ್ಕಿದಳು. ಮುಂದಿನ ಬೇಸಿಗೆಯ ಹೊತ್ತಿಗೆ ಊಟ ಸೇರದಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ಹುಬ್ಬಳ್ಳಿಗೆ ಕರೆದೊಯ್ದರೆ ಎರಡೂ ಕಿಡ್ನಿ ಒಣಗಿದ ನೆಲ್ಲಿಕಾಯಿಯಂತೆ ಸುರುಟಿವೆ ಎಂದರು. ಇನ್ನೂ ಮೊದಲೇ ಬಂದಿದ್ದರೆ ಔಷಧಿಯಿಂದ ಸ್ವಲ್ಪ ಕಾಲ ತಡೆಯಬಹುದಿತ್ತು ಎಂದೂ ಹೇಳಿದರು. ಆ ಕೊನೆಯ ಮಾತು ಕಸ್ತೂರಿಯನ್ನು ಬಿಡಲಿಲ್ಲ. ಬಸ್ಸಿನಲ್ಲಿ ಬರುವಾಗ ಆಕೆಯ ಎದೆ ಹೊಡೆದುಕೊಂಡದ್ದು ನನ್ನವರೆಗೂ ಮುಟ್ಟುತ್ತಿತ್ತು.

ಮಹಾನಂದಾಳನ್ನು ಡಯಾಲಿಸಿಸ್ ಯಂತ್ರಕ್ಕೆ ಹಾಕಿದರು. ಚನ್ನವೀರ ತನ್ನ ಕಿಡ್ನಿ ಕೊಡಲು ಹೋದ. ಆತನಿಗೆ ಸಕ್ಕರೆ ಕಾಯಿಲೆ ಇತ್ತು, ಬೇಡವೆಂದರು. ಕಸ್ತೂರಿ ಡಾಕ್ಟರಮ್ಮನ ಮುಂದೆ ಕೂತು ಅಂದಳು: "ನನ್ನವು ಎರಡದಾವಲ್ರಿ. ಒಂದ ತಗೋರಿ."

ಆ ಡಾಕ್ಟರ ಹೆಸರು ಶಮೀಮ್ ನದಾಫ್. "ಒಂದರ ಮ್ಯಾಲ ಬದುಕಬಹುದು, ಅಮ್ಮಾ. ಆದ್ರ ನೀವು ವಿಚಾರ ಮಾಡ್ರಿ," ಎಂದರು.

"ವಿಚಾರ ಆಗ ಮಾಡಬೇಕಿತ್ರಿ, ಕಾಲು ತೋರಿಸಿದಾಗ."

ಹೀಗೆ ನಾನು ಹೊರಟೆ. ಎಡಗಡೆಯದೇ ಇರಲಿ, ಅದರ ರಕ್ತನಾಳ ಉದ್ದ, ಹೊಲಿಯಲು ಅನುಕೂಲ ಎಂದರು. ನನ್ನ ಜೋಡಿಗೆ ಒಂದು ಮಾತು ಹೇಳಲೂ ದಾರಿಯಿರಲಿಲ್ಲ. ನೆತ್ತಿಯ ಟೋಪಿ ಕಸ್ತೂರಿಯ ಬಳಿಯೇ ಉಳಿಯಿತು. ನಾಳಗಳನ್ನು ಕತ್ತರಿಸಿದರು, ರಕ್ತ ನಿಂತಿತು, ಮಂಜುಗಡ್ಡೆಯ ತಟ್ಟೆಯಲ್ಲಿ ಇಟ್ಟರು. ಯಾವ ಅಪ್ಪಣೆಯೂ ಇಲ್ಲ. ಅಂಥ ಮೌನವನ್ನು ನಾನು ಕಂಡಿರಲಿಲ್ಲ. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೊರಿಸಿ ಬಂದೆನಲ್ಲ ಎಂಬ ಅಳುಕು ಆ ತಣ್ಣನೆಯ ತಟ್ಟೆಯಲ್ಲಿಯೇ ನನಗೆ ಅಂಟಿಕೊಂಡಿತು.

ಆಮೇಲೆ ಬೆಚ್ಚಗಾಯಿತು. ಮಹಾನಂದಾಳ ಹೊಟ್ಟೆಯ ಬಲಗಡೆ, ಕೆಳಗೆ, ತೊಡೆಯ ಸಂದಿನ ಹತ್ತಿರ ನನ್ನನ್ನು ಕೂರಿಸಿ, ಅಲ್ಲಿಯ ನಾಳಕ್ಕೆ ನನ್ನ ನಾಳ ಹೊಲಿದಿದ್ದರು. ಹೊಸ ರಕ್ತ ನುಗ್ಗಿತು. ನಾನು ಮೇಜಿನ ಮೇಲೆಯೇ ಕೆಲಸ ಶುರು ಮಾಡಿದೆ. "ಬಂತು! ಮೂತ್ರ ಬಂತು!" ಎಂದು ಯಾರೋ ಅಂದರು.

ಮೇಲೆ, ಆಕೆಯ ಬೆನ್ನಿನ ಬಳಿ, ಹಳೆಯ ಇಬ್ಬರು ಹಾಗೆಯೇ ಇದ್ದರು, ಸುರುಟಿಕೊಂಡು, ಮಾತಿಲ್ಲದೆ. ಅವರ ನೆತ್ತಿಯ ಟೋಪಿಗಳು ಮಾತ್ರ ಗಟ್ಟಿಯಾಗಿದ್ದವು. ಉಪ್ಪು ಹಿಡಿಯುವ ಅಪ್ಪಣೆ ಇನ್ನು ಅಲ್ಲಿಂದ ಬರತೊಡಗಿತು. ಬೇರೆ ಹೆಂಗಸಿನ ಗ್ರಂಥಿಗಳು, ಆದರೆ ಅದೇ ಮಾತು. ನನಗೆ ಏನೂ ಹೊಸದಾಗಿ ಕಲಿಯಬೇಕಾಗಲಿಲ್ಲ.

ಮೂತ್ರದ ಕೊಳವೆ ತೆಗೆದ ದಿನ ಮಹಾನಂದಾ ತಾನೇ ಬಚ್ಚಲಿಗೆ ನಡೆದು ಹೋದಳು. ತಿಂಗಳುಗಟ್ಟಲೆ ಆಕೆಗೆ ಆ ಕೆಲಸವೇ ಇರಲಿಲ್ಲ. ಬಚ್ಚಲಿನೊಳಗಿಂದ ಆಕೆ ನಗುವುದು ಕೇಳಿ ಚನ್ನವೀರ ಗಾಬರಿಯಾಗಿ ಬಾಗಿಲು ಬಡಿದ.

"ಏನಾತ?"

"ಏನಿಲ್ಲ. ಉಚ್ಚಿ ಬಂತು," ಎಂದಳು ಒಳಗಿಂದ. ಹೊರಗೆ ಆತನೂ ನಕ್ಕ, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ.

ಒಂದು ವರ್ಷ ನನಗೆ ಸುಖದ ಕಾಲ. ಮಹಾನಂದಾ ಮೈ ತುಂಬಿಕೊಂಡಳು, ಮತ್ತೆ ಉಪ್ಪಿನಕಾಯಿಯ ಕೋಣೆಗೆ ಬಂದಳು. ಹೋಳು ಹೆಚ್ಚುವುದು, ಜಾಡಿ ಒರೆಸುವುದು. ತಿನ್ನುವುದು ಮಾತ್ರ ಇಲ್ಲ. ಉಪ್ಪು ಕಡಿಮೆ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಆಮೇಲೆ, ಯಾರಿಗೂ ಗೊತ್ತಾಗದಂತೆ, ನನ್ನ ನಾಳವನ್ನು ಹೊಲಿದ ಜಾಗದಲ್ಲಿ ಒಳಗಿಂದ ಗಾಯದ ಕಲೆ ದಪ್ಪಗಾಗುತ್ತ ಬಂತು. ದಾರಿ ಕಿರಿದಾಯಿತು. ನನಗೆ ಬರುವ ರಕ್ತ ತೆಳ್ಳಗಾಯಿತು.

ನನಗೆ ದಾರಿ ಕಿರಿದಾದದ್ದು ಕಾಣುವುದಿಲ್ಲ. ಕಾಣುವುದು ನನ್ನ ಬಾಗಿಲಿಗೆ ಬಂದ ರಕ್ತ ಮಾತ್ರ. ಮೈಯಲ್ಲಿ ನೀರು ಬತ್ತುತ್ತಿದೆ, ಈಕೆ ಒಣಗುತ್ತಿದ್ದಾಳೆ ಎಂದುಕೊಂಡು ಕೂಗು ಹಾಕಿದೆ. ನಾಳಗಳು ಬಿಗಿದವು. ಉಪ್ಪು ಹಿಡಿ ಎಂಬ ಅಪ್ಪಣೆ ಬಂತು, ಹಿಡಿದೆ. ನೀರು ಅದರ ಹಿಂದೆ ಬಂತು. ಆದರೂ ನನ್ನ ಬಾಗಿಲಿಗೆ ಬರುವುದು ಹೆಚ್ಚಲಿಲ್ಲ. ಇನ್ನೂ ಜೋರಾಗಿ ಕೂಗಿದೆ.

ಮಹಾನಂದಾಳಿಗೆ ತಲೆನೋವು ಬರತೊಡಗಿತು. ರಕ್ತದ ಒತ್ತಡ ಏರಿತು, ಪಾದ ಮತ್ತೆ ಬಾತವು. ಊರಿನ ದವಾಖಾನೆಯ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿ, "ಉಪ್ಪು ತಿನ್ನಾಕ ಹತ್ತೀರಿ ಅನಸ್ತೈತಿ," ಎಂದರು. ಆಕೆ ಇಲ್ಲವೆಂದಳು. ಅವರು ನಕ್ಕರು. ಉಪ್ಪಿನಕಾಯಿ ಮಾರುವವರ ಮನೆಯವಳು ಇಲ್ಲವೆಂದರೆ ಯಾರು ನಂಬುತ್ತಾರೆ?

ಇದಕ್ಕಿಂತ ಕೆಟ್ಟದ್ದು ಬಾಯಾರಿಕೆ ಮತ್ತು ಆಸೆ. ಆಕೆಗೆ ಕನಸಿನಲ್ಲೂ ಮಾವಿನ ಹೋಳು ಕಾಣುತ್ತಿತ್ತು. ಆ ಆಸೆ ಆಕೆಯದಲ್ಲ. ನನ್ನ ಕೂಗು ಮಿದುಳಿಗೆ ಹೋಗಿ ಹುಟ್ಟಿಸಿದ್ದು. ಒಂದು ಮಧ್ಯಾಹ್ನ ಆಕೆ ಜಾಡಿಯ ಕೋಣೆಯ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತು ವಾಸನೆ ಎಳೆದುಕೊಳ್ಳುತ್ತಿದ್ದಳು. ಬಾಯಿ ತುಂಬ ನೀರು. ಆದರೂ ಒಳಗೆ ಕಾಲಿಡಲಿಲ್ಲ. ಅದೇ ಹೊತ್ತಿಗೆ ಹಿಂದಿನಿಂದ ಕಸ್ತೂರಿ ಬಂದಳು.

"ಇಲ್ಲೇನ ಮಾಡಾಕತ್ತಿ?"

"ಏನಿಲ್ಲಕ್ಕಾ. ಸುಮ್ನ."

"ಸುಮ್ನ ಜಾಡಿ ಮುಂದ ನಿಂದರತಾರೇನ? ಬಿ.ಪಿ. ಯಾಕ ಏರ್ತೈತಿ ಅಂತ ಈಗ ತಿಳೀತು ನನಗ."

"ನಾ ತಿಂದಿಲ್ಲ. ಆಣಿ ಮಾಡ್ಲೇನ?"

"ಆಣಿ ಯಾಕ ಬೇಕ? ಕಾಲ ನೋಡ್ಕೋ, ಅವ ಹೇಳ್ತಾವ." ಕಸ್ತೂರಿಯ ದನಿ ಏರಿತು. "ನಾ ನನ್ನ ಮೈ ಕೊಯ್ಸಿಕೊಂಡ ಕೊಟ್ಟೀನಿ, ಮಾದಿ. ನಿನಗ ಒಂದು ನಾಲಿಗಿ ಹಿಡಿಯಾಕ ಆಗವಲ್ದು?"

ಆ ದಿನದಿಂದ ಕೋಣೆಗೆ ಕೀಲಿ ಬಿತ್ತು.

ನಾನು ಆಕೆಯೊಳಗೇ ಇದ್ದೆ. ಆಕೆಯ ನಾಲಿಗೆಗೆ ಒಂದು ಹರಳು ಹೆಚ್ಚಿನ ಉಪ್ಪೂ ಸೋಕಿರಲಿಲ್ಲ ಎನ್ನುವುದಕ್ಕೆ ನನಗಿಂತ ದೊಡ್ಡ ಸಾಕ್ಷಿ ಯಾರೂ ಇರಲಿಲ್ಲ. ಆದರೆ ಸಾಕ್ಷಿ ಹೇಳಲು ಬಾಯಿಲ್ಲ. ನನಗೆ ಇದ್ದದ್ದು ಆ ಕೂಗೊಂದೇ. ಆಕೆಯನ್ನು ಕಳ್ಳಿ ಮಾಡಿದ್ದೇ ಆ ಕೂಗು.

ಆಕೆ ಹಟ ಹಿಡಿದಳು. ಸಾರು ಬಿಟ್ಟಳು, ಪಲ್ಯ ಬಿಟ್ಟಳು. ಹಿಟ್ಟಿಗೂ ಉಪ್ಪು ಹಾಕದ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವಿಚಿಕೊಂಡು ನುಂಗಿದಳು. "ಇಷ್ಟ ಮಾಡಿದ್ರರ ಅಕ್ಕ ನಂಬ್ತಾಳ," ಎಂದು ಚನ್ನವೀರನಿಗೆ ಹೇಳಿದಳು. ಆತ, "ನನ್ನ ಮುಂದ ಯಾಕ ನಾಟಕ, ನಂದೇನೂ ಸಿಟ್ಟಿಲ್ಲ. ತಿಂದಿದ್ರ ತಿಂದೀನಿ ಅನ್ನು," ಎಂದ. ಆತನೂ ನಂಬಿರಲಿಲ್ಲ.

ಉಪ್ಪು ಒಳಗೆ ಬರುವುದು ನಿಂತಂತೆ ನನಗೆ ಇನ್ನೂ ಭಯ ಹತ್ತಿತು. ಇದ್ದುದನ್ನೆಲ್ಲ ಬಿಗಿಹಿಡಿದು ಇನ್ನಷ್ಟು ಕೂಗಿದೆ. ಆಕೆಯ ಪ್ರಾಮಾಣಿಕತೆಯೇ ಆಕೆಗೆ ಶತ್ರುವಾಯಿತು. ಆ ದಿನಗಳಲ್ಲಿ ಹೃದಯದಿಂದ ಹೇಳಿಕೆಯ ಮೇಲೆ ಹೇಳಿಕೆ ಬರುತ್ತಿತ್ತು: ಸಾಕು, ಬಿಡು, ನನ್ನಿಂದಾಗದು. ನನಗೆ ಅದು ಕೇಳುತ್ತಿತ್ತು. ನನ್ನ ಬಾಗಿಲಲ್ಲಿ ಬರ ಇರುವಾಗ ಹೃದಯಕ್ಕೆ ನೆರೆ ಬಂದಿದೆ ಎಂದರೆ ಹೇಗೆ ನಂಬಲಿ? ಒಂದು ಹನಿಯನ್ನೂ ಬಿಡಲಿಲ್ಲ.

ಊರಿನ ಡಾಕ್ಟರು ಒತ್ತಡ ಇಳಿಸಲು ಹೊಸದೊಂದು ಗುಳಿಗೆ ಕೊಟ್ಟರು. ಅದು ನನ್ನ ಕೂಗಿನ ಬಾಯಿ ಮುಚ್ಚುವ ಗುಳಿಗೆ. ಆದರೆ ಆ ಕಿರಿದಾದ ದಾರಿಯಲ್ಲಿ ನನ್ನ ಜರಡಿಗೆ ಒತ್ತಡ ಒದಗಿಸುತ್ತಿದ್ದುದೂ ಆ ಕೂಗೇ. ಬಾಯಿ ಮುಚ್ಚಿದ ಮೇಲೆ ಜರಡಿಯೂ ನಿಂತುಹೋಯಿತು. ಮೂತ್ರ ತೀರ ಕಡಿಮೆಯಾಯಿತು. ಹಿಡಿದಿಟ್ಟ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ.

ನೆರೆಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ. ಹೆಂಗಸರು ತೊಟ್ಟಿಲ ಸುತ್ತ ಜೋಗುಳ ಹಾಡುತ್ತಿದ್ದರು. ಮಹಾನಂದಾ ಹಾಡುತ್ತ ಹಾಡುತ್ತ ನಿಲ್ಲಿಸಿದಳು. ಎದೆಯೊಳಗೆ ಗುಳುಗುಳು ಸದ್ದು. ಗೋಡೆ ಹಿಡಿದು ಕೂತಳು. ಮಲಗಿಸಲು ಹೋದರೆ ಒದ್ದಾಡಿದಳು. ಬಾಯಲ್ಲಿ ನೊರೆ. ನಾನು ಹಿಡಿದಿಟ್ಟ ನೀರು ಆಕೆಯ ಪುಪ್ಪುಸ ತುಂಬಿತ್ತು. ಹೃದಯ ಆಗಲೂ ಒಂದೇ ಸಮನೆ ಬೇಡುತ್ತಿತ್ತು.

ಹುಬ್ಬಳ್ಳಿಯವರೆಗೆ ಆಂಬ್ಯುಲೆನ್ಸಿನಲ್ಲಿ ಕಸ್ತೂರಿ ಆಕೆಯನ್ನು ಎದೆಗೆ ಒರಗಿಸಿಕೊಂಡು ಕೂರಿಸಿದ್ದಳು. "ಮಾದಿ, ಉಸಿರಾಡ. ನಾ ಬೈಯೂದಿಲ್ಲ, ಉಸಿರಾಡ," ಎನ್ನುತ್ತಿದ್ದಳು. ಆಗಲೂ ಕಸ್ತೂರಿಯ ಮನಸ್ಸಿನಲ್ಲಿ ಉಪ್ಪಿನಕಾಯಿಯೇ ಇತ್ತೆಂದು ತೋರುತ್ತದೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಇಟ್ಟರು, ಸೂಜಿ ಚುಚ್ಚಿದರು, ಯಂತ್ರಕ್ಕೆ ಹಾಕಿ ನೀರು ತೆಗೆದರು. ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರ್ ಶಮೀಮ್ ಬಂದರು. ಹೊಸ ಗುಳಿಗೆ ಯಾವುದೆಂದು ಕೇಳಿ ನೋಡಿ ಹುಬ್ಬೇರಿಸಿದರು. ಆಮೇಲೆ ಎಲ್ಲರೂ ಎದೆಗೆ ಇಡುವ ಸ್ಟೆತಸ್ಕೋಪನ್ನು ಅವರು ಮಹಾನಂದಾಳ ಹೊಟ್ಟೆಗೆ, ನೇರವಾಗಿ ನನ್ನ ಮೇಲೆ ಇಟ್ಟರು. ತಣ್ಣನೆಯ ಬಿಲ್ಲೆ. ಬಹಳ ಹೊತ್ತು ಅಲುಗಲಿಲ್ಲ. ಕಿರಿದಾದ ದಾರಿಯಲ್ಲಿ ರಕ್ತ ನುಸುಳುವ ಶೂ ಶೂ ಸದ್ದು ಅವರಿಗೆ ಕೇಳಿಸಿತು. ಅಷ್ಟು ದಿನಗಳಲ್ಲಿ ನನ್ನ ಕಡೆ ಕಿವಿಗೊಟ್ಟವರು ಅವರೊಬ್ಬರೇ.

ಕಸ್ತೂರಿ ಬದಿಯಲ್ಲೇ ನಿಂತಿದ್ದಳು. "ಉಪ್ಪಿನಕಾಯಿ ತಿಂದಾಳ್ರಿ ಡಾಕ್ಟರ್. ನಾನ ಕಾಯಬೇಕಿತ್ತು," ಎಂದಳು.

"ಇಲ್ಲಮ್ಮಾ, ಇದು ಉಪ್ಪಿನ ಆಟ ಅಲ್ಲ. ನಿಮ್ಮ ಓಣ್ಯಾಗ ನಳದ ನೀರು ಬರ್ತೈತಿಲ್ಲ? ಕಡೀ ಮನಿ ಪೈಪಿನ್ಯಾಗ ಕಸ ಕಟ್ಕೊಂಡೈತಿ ಅಂತ ತಿಳೀರಿ. ಆ ಮನಿಯವರಿಗೆ ಹನಿ ಹನಿ ಬರ್ತೈತಿ. ಊರಿಗೆ ನೀರ ಇಲ್ಲ ಅಂತ ಅವರು ಬೊಬ್ಬಿ ಹೊಡೀತಾರ. ನೀರು ಬಿಡಾಂವ ವಾಲ್ ಪೂರಾ ತಿರುವ್ತಾನ. ಉಳಿದ ಮನಿಯೆಲ್ಲಾ ಮುಳುಗ್ತಾವ, ಕಡೀ ಮನಿಗೆ ಮತ್ತ ಹನೀನ. ಈ ಕಿಡ್ನಿ ಹಂಗ ಮಾಡೇತಿ. ಅದರ ನಳ ಸಣ್ಣ ಆಗೇತಿ. ನಿಮ್ಮ ತಂಗಿ ತಪ್ಪಿಲ್ಲ."

ಕಸ್ತೂರಿ ತಂಗಿಯ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ನೋಡಿದಳು. ಆಮೇಲೆ ಕೇಳಿದಳು: "ಅಂದ್ರ, ನಾ ಕೊಟ್ಟದ್ದ ಕೆಟ್ಟದ್ದಿತ್ತೇನ್ರಿ?"

"ನೀವು ಕೊಟ್ಟದ್ದು ಚೊಲೋನ ಐತಿ. ಹೊಲಿಗಿ ಹಾಕಿದ ಜಾಗಾ ಬಿಗದೈತಿ, ಅಷ್ಟ. ಅದನ್ನ ಅಗಲ ಮಾಡ್ತೀವಿ."

ತೊಡೆಯ ನಾಳದಿಂದ ಒಂದು ಸಣ್ಣ ತಂತಿ ನನ್ನ ಬಾಗಿಲವರೆಗೆ ಬಂತು. ಅದರ ತುದಿಯ ಪುಗ್ಗೆ ಉಬ್ಬಿ ದಾರಿಯನ್ನು ಅಗಲಿಸಿತು. ಮತ್ತೆ ಕುಗ್ಗದಂತೆ ಅಲ್ಲಿ ಲೋಹದ ಒಂದು ಸಣ್ಣ ಜಾಳಿಗೆ ಕೊಳವೆ ಇಟ್ಟರು. ರಕ್ತ ಧುಮುಕಿ ಬಂತು. ನಾನು ಬರ ಬರ ಎಂದು ಕೂಗುತ್ತಿದ್ದ ಮೈಯಲ್ಲಿ ಇಷ್ಟೊಂದು ಇತ್ತು. ನನಗೆ ನಾಚಿಕೆಯಾಯಿತು. ಕೂಗು ನಿಲ್ಲಿಸಿದೆ. ಆಗ ಹೃದಯದ ಮಾತು ಸ್ಪಷ್ಟವಾಗಿ ಕೇಳಿತು. ಬಿಟ್ಟೆ. ಆ ದಿನ, ಮಾರನೆಯ ದಿನ, ಬಿಡುತ್ತಲೇ ಇದ್ದೆ. ನರ್ಸ್ ಚೀಲ ಬದಲಿಸಿ ಬದಲಿಸಿ ದಣಿದಳು. ಮಹಾನಂದಾಳ ಕಾಲಿನ ಎಲುಬು ಮತ್ತೆ ಕಾಣಿಸಿತು.

ಊರಿಗೆ ಹೊರಡುವ ಬೆಳಿಗ್ಗೆ ಕಸ್ತೂರಿ ತಂಗಿಯ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಂತಿತು.

"ಮಾದಿ, ಕೀಲಿ ಹಾಕಿದ್ರೂ ನಾ ಜಾಡಿಗೆಲ್ಲಾ ಎಣ್ಣಿ ಎಲ್ಲೀತನಕ ಐತಿ ಅಂತ ಹೊರಗಿನಿಂದ ಸುಣ್ಣದ ಗುರುತ ಹಾಕಿ ಇಟ್ಟಿದ್ದೆ. ನೀ ತಿಂದ್ರ ತಿಳೀಲಿ ಅಂತ. ದಿನಾ ನೋಡ್ತಿದ್ದೆ. ಎಣ್ಣಿ ಒಂದ್ ಕೂದಲೆಳಿ ಇಳೀಲಿಲ್ಲ." ಆಕೆ ಬಾಚಣಿಗೆಗೆ ಸಿಕ್ಕ ಕೂದಲು ಬಿಡಿಸಿದಳು. "ಆದ್ರೂ ನಿನ್ನ ನಂಬಲಿಲ್ಲ. ಬ್ಯಾರೆ ಎಲ್ಲಿಂದರ ತಂದ ತಿಂತಾಳ ಅಂದಕೊಂಡೆ."

ಮಹಾನಂದಾ ತಿರುಗಿ ನೋಡಲಿಲ್ಲ. "ನನಗೂ ನನ್ನ ಮ್ಯಾಲ ನಂಬಿಗಿ ಉಳಿದಿರಲಿಲ್ಲಕ್ಕಾ. ಅಷ್ಟ ಆಸೆ ಆಗ್ತಿತ್ತು. ನಿದ್ದಿಗಣ್ಣಾಗ ಎದ್ದ ಹೋಗಿ ತಿಂದ್ನೇನೋ ಅಂತ ಮುಂಜಾನೆ ಎದ್ದ ಕೈ ಮೂಸಿ ನೋಡ್ಕೋತಿದ್ದೆ."

ಕಸ್ತೂರಿ ಬಾಚಣಿಗೆ ಕೆಳಗಿಟ್ಟು ಆ ಕೈಗಳನ್ನು ತೆಗೆದುಕೊಂಡು ತನ್ನ ಮುಖಕ್ಕೆ ಒತ್ತಿಕೊಂಡಳು. ಕ್ಷಮಿಸು ಎಂದು ಆಕೆ ಅನ್ನಲಿಲ್ಲ. ಆ ಮನೆಯಲ್ಲಿ ಅಂಥ ಮಾತಿನ ರೂಢಿ ಇಲ್ಲ. ಚನ್ನವೀರ ಬಾಗಿಲಲ್ಲಿ ಬಂದು ನಿಂತವನು, ಚೀಲ ಎತ್ತಿಕೊಂಡು ಹಾಗೆಯೇ ಹೊರಗೆ ಹೋದ.

ಅವರು ಒಬ್ಬರಿಗೊಬ್ಬರು ಹೇಳಿಕೊಂಡು ಹಗುರಾದರು. ನಾನು ಯಾರಿಗೆ ಹೇಳಲಿ? ನಾನು ಸುಳ್ಳು ಹೇಳಿರಲಿಲ್ಲ. ನನಗೆ ಕಂಡಷ್ಟನ್ನೇ ಹೇಳಿದ್ದೆ. ಕಂಡದ್ದು ಕಡಿಮೆಯಿತ್ತು, ಕೂಗು ದೊಡ್ಡದಿತ್ತು.

ಆಮೇಲಿನ ವರ್ಷಗಳಲ್ಲಿ ನಾನು ಅಂಜಿ ಅಂಜಿ ಕೆಲಸ ಮಾಡಿದೆ. ರಕ್ತ ಒಂದಿಷ್ಟು ಕಡಿಮೆ ಬಂದರೂ ಕೂಗಬೇಕೋ ಬೇಡವೋ ಎಂಬ ಅನುಮಾನ. ಆದರೆ ನಮ್ಮ ಕುಲದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಒತ್ತಡ ಕುಗ್ಗಿದರೆ ಕೂಗು ತಾನೇ ಹೊರಡುತ್ತದೆ. ಮಹಾನಂದಾಳ ಮಗಳ ಮದುವೆಯಾಯಿತು, ಚನ್ನವೀರನ ಕಣ್ಣು ಮಂಜಾಗಿ ಹೊಲಿಗೆ ಯಂತ್ರ ಮೂಲೆಗೆ ಸೇರಿತು. ಉಪ್ಪಿನಕಾಯಿಯ ಕೋಣೆಗೆ ಮತ್ತೆಂದೂ ಕೀಲಿ ಬೀಳಲಿಲ್ಲ. ನನ್ನನ್ನು ಪರಕೀಯ ಎಂದು ಈ ಮೈ ಹೊರದೂಡದಿರಲಿ ಎಂದು ಆಕೆ ನುಂಗುತ್ತ ಬಂದ ಗುಳಿಗೆಗಳೇ ನನ್ನನ್ನು ಮೆಲ್ಲಗೆ ಗಟ್ಟಿಯಾಗಿಸಿ ಕೆಡಿಸಿದವು. ಜರಡಿಗಳು ಒಂದೊಂದಾಗಿ ಮುಚ್ಚಿದವು.

ಈಗ ಅಪ್ಪಣೆಗಳು ಬರುತ್ತವೆ, ಮಾಡಲು ನನಗೆ ಆಗುವುದಿಲ್ಲ. ಬಟಾಣಿ ಗ್ರಂಥಿ ನೀರು ಹಿಡಿ ಎನ್ನುತ್ತದೆ, ಕೈಯಿಂದ ಜಾರುತ್ತದೆ. ಹೃದಯ ಬಿಡು ಎನ್ನುತ್ತದೆ, ಬಿಡಲು ಬಾಗಿಲುಗಳಿಲ್ಲ. ಮಹಾನಂದಾ ಮತ್ತೆ ಯಂತ್ರಕ್ಕೆ ಹೋಗತೊಡಗಿದ್ದಾಳೆ. "ಅಕ್ಕನ ಈ ಕಿಡ್ನಿ ತಗೀಬೇಕೇನ್ರಿ?" ಎಂದು ಕೇಳಿದಾಗ ಡಾಕ್ಟರ್ ಶಮೀಮ್, "ಬ್ಯಾಡ, ಅದರ ಪಾಡಿಗೆ ಅದು ಇರ್ಲಿ," ಎಂದರು. ಹೀಗೆ ನಾನೂ ಒಂದು ಮೂಲೆಯಲ್ಲಿದ್ದೇನೆ, ಮೇಲಿನ ಆ ಇಬ್ಬರ ಹಾಗೆ. ದಿನಕ್ಕೆ ಒಂದು ಬಟ್ಟಲಿನಷ್ಟನ್ನು ಸೋಸುತ್ತೇನೆ. ಅದೂ ನಿಲ್ಲಬಹುದು.

ನಿನ್ನೆ ಯಂತ್ರದಿಂದ ಬಂದು ಮಹಾನಂದಾ ಕಟ್ಟೆಯ ಮೇಲೆ ಕೂತಿದ್ದಳು. ಆಕೆಗೆ ಈಗ ನೀರು ಅಳತೆಯದು. ಕಸ್ತೂರಿ ಒಲೆಯ ಮುಂದಿನಿಂದ ಬೆವರುತ್ತ ಎದ್ದು ಬಂದಳು, ಕೊಡದ ಕಡೆ ನೋಡಿದಳು, ತಂಗಿಯ ಒಣಗಿದ ತುಟಿ ನೋಡಿದಳು, ನೀರು ಮುಟ್ಟದೆ ಕೂತಳು.

"ಯಾಕ, ನೀರಡಿಕಿ ಇಲ್ಲೇನ ನಿನಗ?"

"ಇಲ್ಲವ್ವಾ."

"ಸುಳ್ಳ ಹೇಳಬ್ಯಾಡ. ಮುಂಜಾನಿಂದ ಹಿಂಗ ಮಾಡಾಕತ್ತಿ, ನೋಡೀನಿ." ಮಹಾನಂದಾ ಎದ್ದು ತಂಬಿಗೆ ತುಂಬಿ ತಂದು ಅಕ್ಕನ ಕೈಗೆ ಕೊಟ್ಟಳು. "ನಿನಗ ಇರೂದ ಒಂದು. ಅದನ್ನ ಒಣಗಸಬ್ಯಾಡ. ನನ್ನ ಮುಂದನ ಕುಡಿ."

ಕಸ್ತೂರಿ ಕುಡಿದಳು. ಗುಟುಕು ಇಳಿಯುವ ಸದ್ದು ನನಗೆ ಕೇಳಿತು. ಆ ನೀರು ಇನ್ನು ಸ್ವಲ್ಪ ಹೊತ್ತಿನಲ್ಲಿ ನನ್ನ ಜೋಡಿಯ ಬಾಗಿಲಿಗೆ ಹೋಗುತ್ತದೆ. ಇಷ್ಟು ವರ್ಷ ಅದು ನನ್ನ ಪಾಲಿನ ಕೆಲಸವನ್ನೂ ಮಾಡಿಕೊಂಡು ಬಂದಿದೆ. ಮಹಾನಂದಾ ಖಾಲಿ ತಂಬಿಗೆಯನ್ನು ಕೈಯಿಂದ ತೆಗೆದುಕೊಂಡು, "ಇನ್ನೊಂದೀಟ?" ಎಂದು ಕೇಳಿದಳು.